ಎತ್ತರದ ಪಿಕಪ್, ಹಳೆಯ ಕುದುರೆ ಟ್ರೇಲರ್: ಅಳೆಯಬೇಕಾದ ಮೂರು ಎತ್ತರಗಳು

ಅಮೆರಿಕದ ಟೆಕ್ಸಸ್, ಒಕ್ಲಹೋಮಗಳಂಥ ರಾಜ್ಯಗಳಲ್ಲಿ ಮೂರು ನಾಲ್ಕು ಕುದುರೆಗಳನ್ನು ಒಟ್ಟಿಗೆ ದೂರದ ಊರಿಗೆ ಸಾಗಿಸುವ ಅನೇಕರು ಗೂಸ್‌ನೆಕ್ ಟ್ರೇಲರನ್ನು ಆರಿಸಿಕೊಳ್ಳುತ್ತಾರೆ. ಇದರ ಮುಂಭಾಗವು ಮೇಲೆದ್ದು ಪಿಕಪ್‌ನ ಹಿಂದಿನ ತೊಟ್ಟಿಯ ಮೇಲೆ ಚಾಚಿಕೊಂಡಿರುತ್ತದೆ. ಅಲ್ಲಿಂದ ಇಳಿಬಿಟ್ಟ ಕೊಳವೆಯ ತುದಿಯಲ್ಲಿರುವ ಕಪ್ಲರ್, ತೊಟ್ಟಿಯ ನೆಲದಲ್ಲಿ ಬಿಗಿದಿರುವ ಸುಮಾರು 59 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಕಚ್ಚಿಕೊಳ್ಳುತ್ತದೆ. ಈ ಗುಂಡು ಪಿಕಪ್‌ನ ಹಿಂದಿನ ಆಕ್ಸಲ್‌ನ (ಚಕ್ರಗಳ ಅಚ್ಚಿನ) ನೇರ ಮೇಲೆ ಅಥವಾ ತುಸು ಮುಂದೆ ಇರುವುದರಿಂದ, ಬಂಪರಿನ ಹಿಂದೆ ಕಟ್ಟಿದ ಟ್ರೇಲರಿನಂತೆ ಇದು ಪಿಕಪ್‌ನ ಹಿಂಭಾಗವನ್ನು ಸುಲಭವಾಗಿ ಪಕ್ಕಕ್ಕೆ ಎಳೆಯಲಾರದು. ಟ್ರೇಲರಿನ ಒಟ್ಟು ತೂಕದ ಸುಮಾರು ಐದನೆಯ ಒಂದು ಭಾಗ ಈ ಗುಂಡಿನ ಮೇಲೆ ಕೂರುತ್ತದೆ.

ಒಳ್ಳೆಯ ಟ್ರೇಲರ್ ದಶಕಗಟ್ಟಲೆ ಬಾಳುತ್ತದೆ, ಪಿಕಪ್ ಅದಕ್ಕಿಂತ ಬೇಗ ಬದಲಾಗುತ್ತದೆ. ಫೋರ್ಡ್ ಎಫ್-250, ರ‍್ಯಾಮ್ 2500ರಂಥ ಭಾರಿ ಪಿಕಪ್‌ಗಳ ಈಚಿನ ಫೋರ್ ವೀಲ್ ಡ್ರೈವ್ ಮಾದರಿಗಳಲ್ಲಿ ತೊಟ್ಟಿಯ ನೆಲವೂ ಪಕ್ಕದ ಗೋಡೆಗಳೂ ಸಾಕಷ್ಟು ಎತ್ತರದಲ್ಲಿವೆ. ತಗ್ಗಾದ ಪಿಕಪ್‌ಗೆ ಹೊಂದಿಸಿದ್ದ ಟ್ರೇಲರನ್ನು ಇವಕ್ಕೆ ಜೋಡಿಸಿದರೆ ಅದರ ಮೂತಿ ಮೇಲೇಳುತ್ತದೆ. ಕುದುರೆಗೆ ಏರುಮುಖವಾಗಿ ನಿಲ್ಲುವುದು ಕಷ್ಟವಾದೀತೆಂಬ ಕಾಳಜಿ ಸಹಜವೇ. ಆದರೆ ತನ್ನ ತೂಕದ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳ ಮೇಲೆ ಹೊತ್ತು ನಿಲ್ಲುವ ಈ ಪ್ರಾಣಿಗೆ ಒಂದು ಡಿಗ್ರಿಯ ಏರು ದೊಡ್ಡದಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಅಪಾಯವಿರುವುದು ಕುದುರೆಯ ಕಾಲಡಿಯ ಆಕ್ಸಲ್‌ಗಳಲ್ಲಿ.

ಅನೇಕ ಕುದುರೆ ಟ್ರೇಲರುಗಳಿಗೆ ಒಂದರ ಹಿಂದೊಂದು ಎರಡು ಟಾರ್ಷನ್ ಆಕ್ಸಲ್‌ಗಳಿರುತ್ತವೆ. ಇವುಗಳ ಕೊಳವೆಯೊಳಗೆ ಅಡಕಿದ ರಬ್ಬರು ಹಿಸುಕಿಕೊಂಡು ರಸ್ತೆಯ ಕುಲುಕಾಟವನ್ನು ಹೀರುತ್ತದೆ. ಸವಾರಿ ಮೃದುವಾಗುತ್ತದೆ ನಿಜ, ಆದರೆ ಒಂದು ಆಕ್ಸಲ್‌ನ ಹೊರೆಯನ್ನು ಇನ್ನೊಂದಕ್ಕೆ ದಾಟಿಸುವ ಕೊಂಡಿ ಅಲ್ಲಿಲ್ಲ. ಲೀಫ್ ಸ್ಪ್ರಿಂಗ್, ಅಂದರೆ ಬಾಗುವ ಉಕ್ಕಿನ ಪಟ್ಟಿಗಳು, ಉಳ್ಳ ಟ್ರೇಲರಿನಲ್ಲಾದರೆ ಮುಂದಿನ ಮತ್ತು ಹಿಂದಿನ ಪಟ್ಟಿಗಳ ನಡುವೆ ಈಕ್ವಲೈಸರ್ ಎಂಬ ತೊನೆಯುವ ತುಂಡೊಂದಿದ್ದು, ಹೊರೆಯನ್ನು ಬಹುಮಟ್ಟಿಗೆ ಸಮವಾಗಿ ಹಂಚುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಕುದುರೆಗಳ ಸಮೇತ 4,000 ಕೆ.ಜಿ. ತೂಗುವ ಟ್ರೇಲರ್ ಮಟ್ಟಸವಾಗಿ ನಿಂತಾಗ ಗುಂಡಿನ ಮೇಲೆ 800 ಕೆ.ಜಿ., ಆಕ್ಸಲ್‌ಗಳ ಮೇಲೆ ತಲಾ 1,600 ಕೆ.ಜಿ. ಬೀಳುತ್ತದೆ ಎನ್ನಿ. ಗುಂಡಿನಿಂದ ಎರಡು ಆಕ್ಸಲ್‌ಗಳ ನಡುಬಿಂದುವಿಗೆ 5.5 ಮೀಟರ್, ಆಕ್ಸಲ್‌ಗಳ ನಡುವೆ 85 ಸೆಂ.ಮೀ. ಅಂತರವಿದ್ದರೆ, ಮೂತಿ 10 ಸೆಂ.ಮೀ. ಮೇಲೆದ್ದಾಗ ಹಿಂದಿನ ಆಕ್ಸಲ್‌ನ ಬಳಿ ಚೌಕಟ್ಟು ಮುಂದಿನದರ ಬಳಿ ಇರುವುದಕ್ಕಿಂತ ಸುಮಾರು 1.5 ಸೆಂ.ಮೀ. ತಗ್ಗುತ್ತದೆ. 1,600 ಕೆ.ಜಿ. ಹೊರೆಗೆ ಚಕ್ರವನ್ನು ಹಿಡಿದಿರುವ ಆಕ್ಸಲ್‌ನ ತೋಳು 6 ಸೆಂ.ಮೀ. ಕುಗ್ಗುವಂಥದ್ದಾದರೆ, ಹಿಂದಿನ ಆಕ್ಸಲ್ ಸುಮಾರು 200 ಕೆ.ಜಿ. ಹೆಚ್ಚು ಹೊರಬೇಕಾಗುತ್ತದೆ, ಮುಂದಿನದು ಅಷ್ಟೇ ಕಡಿಮೆ ಹೊರುತ್ತದೆ. ಹೆಚ್ಚು ಹೊತ್ತ ಟೈರು ಹೆಚ್ಚು ಬಾಗಿ ಬಿಸಿಯೇರುತ್ತದೆ, ಬೇಸಿಗೆಯ ಹೆದ್ದಾರಿಯಲ್ಲಿ ಅದು ಸಿಡಿಯುವ ಸಂಭವವೂ ಹೆಚ್ಚು. ಇತ್ತ ವಿದ್ಯುತ್ ಬ್ರೇಕು ಎಲ್ಲ ಚಕ್ರಗಳನ್ನೂ ಸರಿಸುಮಾರು ಒಂದೇ ಬಲದಿಂದ ಹಿಡಿಯುವುದರಿಂದ, ಹಗುರಾದ ಮುಂದಿನ ಚಕ್ರಗಳು ಬೇಗ ಬಿಗಿದುಕೊಂಡು ಜಾರತೊಡಗುತ್ತವೆ.

ಪರಿಹಾರ ಸುಲಭವೆಂದು ತೋರುತ್ತದೆ: ಕಪ್ಲರಿನ ಕೊಳವೆಯ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಮೇಲಕ್ಕೆ ತಳ್ಳಿ ಮತ್ತೆ ಬಿಗಿದರೆ ಮೂತಿ ಇಳಿಯುತ್ತದೆ. ಆದರೆ ಇಲ್ಲಿ ಎತ್ತರಗಳು ಮೂರು: ಗುಂಡಿನದು, ತೊಟ್ಟಿಯ ಗೋಡೆಯದು, ಗೋಡೆಯ ಮೇಲೆ ಹಾಯುವ ಟ್ರೇಲರಿನ ಕತ್ತಿನ ತಳದ್ದು. ಕಪ್ಲರ್ ಸರಿಹೊಂದಿಸುವುದು ಮೊದಲನೆಯದನ್ನು ಮಾತ್ರ. ಟ್ರೇಲರ್ ಮಟ್ಟಸವಾಗಿ ನಿಂತಾಗ ಕತ್ತಿನ ತಳ 165 ಸೆಂ.ಮೀ. ಎತ್ತರದಲ್ಲಿದ್ದು, ಗೋಡೆ 155 ಸೆಂ.ಮೀ. ಇದ್ದರೆ, ಕಪ್ಲರನ್ನು ಹೇಗೆ ಸರಿಹೊಂದಿಸಿದರೂ ನಡುವೆ ಉಳಿಯುವುದು 10 ಸೆಂ.ಮೀ. ಮಾತ್ರ. ಸುಮಾರು 15 ಸೆಂ.ಮೀ. ತೆರವಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಪಿಕಪ್‌ನ ಮುಂಭಾಗ ಇಳಿಜಾರಿಗೆ ಇಳಿದಾಗ ತೊಟ್ಟಿಯ ತುದಿ ಮೇಲೇಳುತ್ತದೆ. ಆ ತುದಿ ಗುಂಡಿನಿಂದ 1.2 ಮೀಟರ್ ಹಿಂದಿದ್ದರೆ, 15 ಸೆಂ.ಮೀ. ತೆರವು ಮುಗಿಯಲು ಏಳು ಡಿಗ್ರಿಯ ವ್ಯತ್ಯಾಸ ಸಾಕು. ಹೊಲದ ಚರಂಡಿಯನ್ನು ಓರೆಯಾಗಿ ದಾಟುವಾಗ ಟ್ರೇಲರ್ ಪಕ್ಕಕ್ಕೆ ವಾಲುವುದು ಇನ್ನೂ ಕೆಟ್ಟದ್ದು, ಏಕೆಂದರೆ ಆಗ ಕತ್ತಿನ ಮೂಲೆ ನೇರವಾಗಿ ಗೋಡೆಯ ಮೇಲಂಚಿಗೆ ಬಡಿಯುತ್ತದೆ.

ಹೀಗೆ ತೆರವು ಸಾಲದಿದ್ದಾಗ ಟ್ರೇಲರನ್ನೇ ಎತ್ತರಿಸಬೇಕು, ಇಲ್ಲವೇ ಪಿಕಪ್‌ನ ಹಿಂಭಾಗವನ್ನು ತಗ್ಗಿಸಬೇಕು. ಟಾರ್ಷನ್ ಆಕ್ಸಲ್ ಮತ್ತು ಚೌಕಟ್ಟಿನ ನಡುವೆ ಉಕ್ಕಿನ ದಿಮ್ಮಿಗಳನ್ನು ಇಡುವುದು ಸಾಮಾನ್ಯ ವಿಧಾನ. ಇದು ಆಕ್ಸಲ್ ತಯಾರಕರು ಒಪ್ಪುವ ಭಾಗಗಳಿಂದ, ಅನುಭವಿಗಳ ಕೈಯಲ್ಲಿ ಆಗಬೇಕಾದ ಕೆಲಸ. ಇದಕ್ಕೂ ಬೆಲೆಯಿದೆ. ಕುದುರೆ ಹತ್ತುವ ಮೆಟ್ಟಿಲು ಅಷ್ಟೇ ಎತ್ತರವಾಗುತ್ತದೆ, ಹಲಗೆಯಿದ್ದರೆ ಅದರ ಏರು ಕಡಿದಾಗುತ್ತದೆ. ನಿಂತ ಕುದುರೆಗಳಿಂದಾಗಿ ಮೊದಲೇ ಮೇಲಿರುವ ಗುರುತ್ವಕೇಂದ್ರವೂ ಏರುತ್ತದೆ. ಅದು ನೆಲದಿಂದ ಒಂದೂವರೆ ಮೀಟರ್ ಇದ್ದಲ್ಲಿ 10 ಸೆಂ.ಮೀ. ಎತ್ತರಿಸಿದರೆ ತಿರುವಿನಲ್ಲಿ ಮಗುಚದೆ ನಿಲ್ಲುವ ಶಕ್ತಿ ಶೇ. 6ರಷ್ಟು ಕುಗ್ಗುತ್ತದೆ. ಆದ್ದರಿಂದ ಅಗತ್ಯಕ್ಕಿಂತ ಒಂದು ಸೆಂ.ಮೀ. ಕೂಡ ಹೆಚ್ಚು ಎತ್ತರಿಸಬಾರದು.

ಅಳತೆಯನ್ನು ಖಾಲಿ ಪಿಕಪ್‌ನಲ್ಲಿ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಗುಂಡಿನ ಮೇಲೆ ಭಾರ ಬಿದ್ದೊಡನೆ ಪಿಕಪ್‌ನ ಹಿಂಭಾಗ ಹಲವು ಸೆಂ.ಮೀ. ತಗ್ಗುತ್ತದೆ. ಸಮತಟ್ಟಾದ ನೆಲದಲ್ಲಿ, ಪ್ರಯಾಣದ ದಿನದಷ್ಟೇ ಹೊರೆ ಹೇರಿ, ಚೌಕಟ್ಟಿನ ಮುಂದಿನ ಮತ್ತು ಹಿಂದಿನ ತುದಿಗಳ ಎತ್ತರವನ್ನು ನೆಲದಿಂದ ಅಳೆಯಬೇಕು. ಬಳಿಕ ವೇಬ್ರಿಡ್ಜಿನಲ್ಲಿ ಒಂದೊಂದೇ ಆಕ್ಸಲನ್ನು ಕಟ್ಟೆಯ ಮೇಲೆ ನಿಲ್ಲಿಸಿ ತೂಗಿ, ಬಂದ ತೂಕವನ್ನು ಆಕ್ಸಲ್ ಮತ್ತು ಟೈರಿನ ಮೇಲೆ ನಮೂದಿಸಿರುವ ಮಿತಿಯೊಂದಿಗೆ ಹೋಲಿಸಿ ನೋಡಬೇಕು.