ಅಗ್ಗಕ್ಕೆ ಸಿಕ್ಕ ಹಳೆ ಕೋವಿಯನ್ನು ಹೊಸದರಂತೆ ಮಾಡಬಹುದೇ?

ಪ್ರಶ್ನೆ: ನೆಂಟರ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಜೋಡು ನಳಿಗೆಯ ಕೋವಿಯೊಂದು ಕಡಿಮೆ ಬೆಲೆಗೆ ಸಿಕ್ಕಿದೆ. ಇಂಗ್ಲೆಂಡಿನದಂತೆ. ನಳಿಗೆಯೆಲ್ಲ ತುಕ್ಕು, ಮರದ ಹಿಡಿ ಎಣ್ಣೆ ಕುಡಿದು ಕಪ್ಪಾಗಿದೆ. ಬಫಿಂಗ್ ಮಾಡಿಸಿ, ಹೊಸ ಬಣ್ಣ ಕೊಡಿಸಿ, ನಳಿಗೆಯನ್ನು ಸ್ವಲ್ಪ ಗಿಡ್ಡ ಮಾಡಿಸೋಣ ಅಂತಿದ್ದೇನೆ. ನಮ್ಮದು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಹಿಡುವಳಿಯ) ಕುಟುಂಬ, ಲೈಸೆನ್ಸ್ ಚಿಂತೆ ಇಲ್ಲ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಇದರಲ್ಲೇ ತೆಂಗಿನಕಾಯಿಗೆ ಗುಂಡು ಹೊಡೆಯಬಹುದೇ?

ಉತ್ತರ: ತುಕ್ಕು ತೆಗೆಯುವುದನ್ನು ನೀವೇ ಮಾಡಬಹುದು. ಗುಂಡು ಹೊಡೆಯಬಹುದೇ ಎಂದು ಹೇಳಬೇಕಾದವನು ಲೈಸೆನ್ಸ್ ಇರುವ ಕೋವಿ ರಿಪೇರಿಯವನು. ನಳಿಗೆಯನ್ನಂತೂ ಗಿಡ್ಡ ಮಾಡಿಸಬೇಡಿ, ಪೊಲೀಸರು ಮನೆಗೆ ಬರುತ್ತಾರೆ.

ಲೈಸೆನ್ಸಿನ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ದೊಡ್ಡದೊಂದು ತಪ್ಪು ತಿಳಿವಳಿಕೆ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ನಡೆದು ಬಂದಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆದರೆ ಈ ವಿನಾಯಿತಿ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಕಲಮುಗಳಿಗೆ, ಅಂದರೆ ಆಯುಧ ಇಟ್ಟುಕೊಳ್ಳುವುದಕ್ಕೆ ಮಾತ್ರ. ಕೋವಿ ರಿಪೇರಿಯನ್ನು ಲೈಸೆನ್ಸ್ ಇದ್ದವರೇ ಮಾಡಬೇಕು ಎನ್ನುವ 5ನೇ ಕಲಮು, ಲೈಸೆನ್ಸ್ ಇಲ್ಲದೆ ನಳಿಗೆ ಕತ್ತರಿಸಬಾರದು ಎನ್ನುವ 6ನೇ ಕಲಮು, ನಂಬರು, ಹೆಸರು, ಗುರುತುಗಳನ್ನು ಅಳಿಸಬಾರದು ಎನ್ನುವ 8ನೇ ಕಲಮು ನಮಗೂ ಅಷ್ಟೇ ಅನ್ವಯ. ಬಫಿಂಗ್ ಚಕ್ರಕ್ಕೆ ಕೋವಿ ಕೊಟ್ಟರೆ ಮೊದಲು ಸವೆಯುವುದೇ ಆ ನಂಬರು. ಆಮೇಲೆ "ಪಾಲಿಶ್ ಮಾಡುವಾಗ ಹೋಯ್ತು ಸಾರ್" ಅಂದರೆ ಯಾರೂ ಕೇಳುವುದಿಲ್ಲ.

ಹಾಗಾಗಿ ಎಣ್ಣೆ ಡಬ್ಬಿ ಹುಡುಕುವ ಮೊದಲು ಈ ಕೋವಿ ಯಾರ ಹೆಸರಿನಲ್ಲಿತ್ತು, ಯಾವ ಪತ್ರದ ಮೇಲೆ ನಿಮಗೆ ಬಂತು ಎಂದು ನೋಡಿ. ಲೈಸೆನ್ಸ್ ಬೇಕಾದ ಬಂದೂಕನ್ನು ಖಾಸಗಿಯಾಗಿ ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು ಎನ್ನುತ್ತದೆ ಕಾನೂನು. ನಿಮ್ಮ ನೆಂಟರದು ವಿನಾಯಿತಿಯ ಕೋವಿಯಾದರೂ ನಂಬರು ಸಮೇತ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ವಿನಾಯಿತಿ ಪತ್ರ ಸರಿಮಾಡಿಸಿಕೊಳ್ಳಿ. ಬೆಲೆ ಅಷ್ಟು ಕಡಿಮೆ ಇದ್ದದ್ದು ಕಾಗದ ಇಲ್ಲದ ಕಾರಣಕ್ಕೇ ಇರಬಹುದು.

ಈಗ ಕೋವಿಗೆ ಬರೋಣ. ಅಟ್ಟದಿಂದ ಇಳಿಸಿದ ಕೋವಿ ಲೋಡ್ ಆಗಿದೆ ಎಂದುಕೊಂಡೇ ಮುಟ್ಟಬೇಕು. ನಳಿಗೆಯ ಬಾಯಿ ಖಾಲಿ ಜಾಗದ ಕಡೆ ಇರಲಿ. ಮಡಚಿ ತೆರೆದು ನೋಡಿ. ತುಕ್ಕಿನಿಂದ ಬಿಗಿದುಕೊಂಡಿದ್ದರೆ ಬಲ ಹಾಕಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ. ಹಳೆಯ ತೋಟಾ (ಕಾರ್ಟ್ರಿಜ್) ಒಳಗೆ ಹಸಿರುಗಟ್ಟಿ ಅಂಟಿಕೊಂಡಿರುವುದುಂಟು. ತೆರೆದುಕೊಂಡಿತೋ, ನಳಿಗೆಯ ಮೂಲಕ ಬೆಳಕಿನ ಕಡೆ ನೋಡಿ. ಅಟ್ಟದಲ್ಲಿದ್ದ ಕೋವಿಯ ನಳಿಗೆಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿರುವುದು ಅಪರೂಪವಲ್ಲ. ಅಂಥ ಬೆರಳುದ್ದದ ಮಣ್ಣು ಸಾಕು, ಗುಂಡು ಹೊಡೆದಾಗ ನಳಿಗೆ ಸೀಳುತ್ತದೆ.

ಆಮೇಲೆ ನಳಿಗೆಯನ್ನು ಕಳಚಿ ಅಡಿಭಾಗ ನೋಡಿ. ಮುಂದಿನ ಮರವನ್ನು ತೆಗೆದರೆ ನಳಿಗೆಯ ಹಿಂಭಾಗದ ಕೆಳಗೆ ಚಪ್ಪಟೆ ಜಾಗ ಕಾಣುತ್ತದೆ. ಕೋವಿಯ ಜಾತಕ ಇರುವುದೇ ಅಲ್ಲಿ. ಬರ್ಮಿಂಗ್‌ಹ್ಯಾಂನ ಪರೀಕ್ಷಾ ಕೇಂದ್ರ 1813ರಿಂದ ಕೋವಿಗಳಿಗೆ ಮುದ್ರೆ ಒತ್ತುತ್ತ ಬಂದಿದೆ. ಕಿರೀಟದ ಕೆಳಗೆ ಇಂಗ್ಲಿಷಿನ ಎನ್, ಪಿ ಅಕ್ಷರಗಳಿದ್ದರೆ ಅದು ಹೊಗೆಯಿಲ್ಲದ ಹೊಸ ಮದ್ದಿಗೆ ಪರೀಕ್ಷೆಯಾದದ್ದು. ಆ ಗುರುತು ಇಲ್ಲದೆ ಹಳೆಯ ಮುದ್ರೆಗಳಷ್ಟೇ ಇದ್ದರೆ ಕರಿಮದ್ದಿನ ಕಾಲದ ಕೋವಿ ಎಂದೇ ತಿಳಿಯಿರಿ. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂದಿದ್ದರೆ ಅದು ಇಂಗ್ಲೆಂಡಿನದಲ್ಲ, ಬೆಲ್ಜಿಯಂನ ಲಿಯೇಜ್‌ನಲ್ಲಿ ಪರೀಕ್ಷೆಯಾದದ್ದು. ಅಜ್ಜಂದಿರು ವಿಲಾಯಿತಿ ಕೋವಿ ಎಂದು ಕರೆದ ಎಷ್ಟೋ ಕೋವಿಗಳು ಇಂಗ್ಲೆಂಡನ್ನೇ ಕಂಡಿಲ್ಲ.

ಇನ್ನೊಂದು ಮುಖ್ಯ ಸಂಗತಿ ನಳಿಗೆಯ ಲೋಹದ್ದು. ತುಕ್ಕು ಒರೆಸಿದಾಗ ಕೆಳಗೆ ಅಲೆಅಲೆಯಾಗಿ, ಸುರುಳಿ ಸುತ್ತಿದಂತೆ ಗೆರೆಗಳು ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಸರಳಿಗೆ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದದ್ದು. ನೋಡಲು ಬಹಳ ಚೆಂದ. ಆದರೆ ಬೆಸುಗೆಯ ಸಂದುಗಳಲ್ಲಿ ತುಕ್ಕು ಒಳಗೊಳಗೇ ತಿನ್ನುತ್ತ ಹೋಗಿರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಇಂದಿನ ತೋಟಾಗಳನ್ನು ಇದರಲ್ಲಿ ಹೊಡೆಯಲೇಬಾರದು. ಉಕ್ಕಿನ ನಳಿಗೆಯಾದರೂ ತೋಟಾ ಕೂರುವ ಗೂಡಿನ ಉದ್ದ ಅಳತೆ ಮಾಡಿಸಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು ಸಾಮಾನ್ಯವಾಗಿ ಎರಡೂವರೆ ಇಂಚು. ಇಂದಿನ 70 ಮಿಲಿಮೀಟರಿನ, ಅಂದರೆ ಎರಡೂ ಮುಕ್ಕಾಲು ಇಂಚಿನ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಹೇಳಿದ ಅಳತೆ ಗುಂಡು ಹೊಡೆದು ತೋಟಾದ ಬಾಯಿಯ ಮಡಿಕೆ ಬಿಚ್ಚಿಕೊಂಡ ಮೇಲಿನದು. ಮಡಿಕೆ ಬಿಚ್ಚಿಕೊಂಡಾಗ ಅದರ ತುದಿ ಮುಂದಿನ ಕಿರಿದಾದ ಜಾಗಕ್ಕೆ ತೂರಿ ಒತ್ತಡ ಏರುತ್ತದೆ.

ಈಗ ತುಕ್ಕು. ಕೆಂಪು ಪುಡಿ ತುಕ್ಕು ಬೇರೆ, ಕಾಲದಿಂದ ಬಂದ ಕಂದು ಮೈಬಣ್ಣ ಬೇರೆ. ಮೊದಲನೆಯದು ಕಬ್ಬಿಣವನ್ನು ತಿನ್ನುತ್ತಿದೆ, ಎರಡನೆಯದು ಇರಲಿ. ತುಕ್ಕಿನ ಮೇಲೆ ತೆಳುವಾದ ಕೋವಿ ಎಣ್ಣೆ ಹಚ್ಚಿ ಒಂದೆರಡು ದಿನ ಬಿಡಿ. ಆಮೇಲೆ ಹಳೆಯ ತಾಮ್ರದ ಕಾಸೊಂದರ ಅಂಚನ್ನು ಓರೆಯಾಗಿ ಹಿಡಿದು ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆತ್ತಗಿರುವುದರಿಂದ ತುಕ್ಕಿನ ಹಕ್ಕಳೆ ಏಳುತ್ತದೆ, ಕೆಳಗಿನ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಈಗಿನ ರೂಪಾಯಿ ನಾಣ್ಯ ನಡೆಯದು, ಅದು ಉಕ್ಕು. ಎಣ್ಣೆ ಕಂದಾಗುತ್ತಲೇ ಬಟ್ಟೆಯಿಂದ ಒರೆಸಿ, ಮತ್ತೆ ಹಚ್ಚಿ. ಉಳಿದದ್ದಕ್ಕೆ ಅತಿ ನಯವಾದ ಸ್ಟೀಲ್ ವೂಲ್, ಅದೂ ಎಣ್ಣೆಯಲ್ಲಿ ಅದ್ದಿ. ಮರಳು ಕಾಗದ, ಹುಣಸೆಹಣ್ಣು, ನಿಂಬೆರಸ ಇವೆಲ್ಲ ಹಿತ್ತಾಳೆ ಚೊಂಬಿಗಿರಲಿ. ತೆಂಗಿನೆಣ್ಣೆಯೂ ಬೇಡ, ಚಳಿಗೆ ಹೆಪ್ಪುಗಟ್ಟಿ ಒಳಗಿನ ಸ್ಪ್ರಿಂಗುಗಳನ್ನು ಹಿಡಿದುಬಿಡುತ್ತದೆ. ಸ್ಕ್ರೂ ಬಿಚ್ಚಿ ಒಳಗಿನ ಯಂತ್ರ ತೆಗೆಯುವುದು ರಿಪೇರಿಯವನ ಪಾಲಿಗೆ ಬಿಡಿ.

ನಳಿಗೆಗೆ ಕುದಿಯುವ ಲವಣದಲ್ಲಿ ಅದ್ದಿ ಕಪ್ಪು ಬಣ್ಣ ಕೊಡುತ್ತೇನೆ ಎನ್ನುವವರು ಸಿಗಬಹುದು. ಜೋಡು ನಳಿಗೆಗೆ ಅದು ಆಗುವುದೇ ಇಲ್ಲ. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಹಿಡಿದಿರುವುದು ಸೀಸ-ತವರದ ಮೆತ್ತನೆಯ ಬೆಸುಗೆ, ಆ ಲವಣ ಅದನ್ನು ತಿಂದುಹಾಕುತ್ತದೆ. ಬೆಸುಗೆ ಈಗಾಗಲೇ ಬಿಟ್ಟಿದೆಯೇ ಎಂದು ನೋಡಬೇಕೆಂದರೆ ಕಳಚಿದ ನಳಿಗೆಯನ್ನು ಕೊಕ್ಕೆಯಿಂದ ದಾರದಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಉದ್ದಕ್ಕೆ ನಾದ ಬಂದರೆ ಸರಿ. ಬಡಬಡ ಎಂದರೆ ಎಲ್ಲೋ ಬಿಟ್ಟಿದೆ.

ಮರದ ಹಿಡಿ ಕಪ್ಪಾಗಿರುವುದಕ್ಕೆ ಕಾರಣ, ಕೋವಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದು. ಎಣ್ಣೆ ಇಳಿದು ಇಳಿದು ಮರದ ಕುತ್ತಿಗೆ ಮೆತ್ತಗಾಗಿರುತ್ತದೆ. ಚಾಕ್ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಉದುರಿಸಿದರೆ ಅದು ಎಣ್ಣೆಯನ್ನು ಹೀರಿಕೊಂಡು ಹಳದಿಯಾಗಿರುತ್ತದೆ. ಹೀಗೆ ಕೆಲವು ಸಲ. ಕೆಲಸ ಅಂಗಳದಲ್ಲಿ ನಡೆಯಲಿ, ಒಲೆಯ ಹತ್ತಿರ ಬೇಡ. ನಂತರ ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳ್ಳಗೆ ತಿಕ್ಕಿ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿ. ವಾರ್ನಿಷ್ ಹೊಳಪು ಹಳೆ ಕೋವಿಗೆ ಒಪ್ಪುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇದೇ ಪ್ರಶ್ನೆಯನ್ನು ಹಳೆಯ ರಿವಾಲ್ವರ್ ಬಗ್ಗೆ ಕೇಳುವವರೂ ಇದ್ದಾರೆ. ಅದರಲ್ಲಿ ತಿರುಗುವ ಗುಂಡಿನ ಗೂಡು ಪ್ರತಿ ಸಲವೂ ನಳಿಗೆಗೆ ನೇರವಾಗಿ ನಿಲ್ಲಬೇಕು. ಸವೆದು ಕೂದಲೆಳೆ ತಪ್ಪಿದರೂ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಮನೆಯಲ್ಲಿ ಬಿಚ್ಚುವ ಸಾಮಾನಲ್ಲ ಅದು.

ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ. ಅಷ್ಟರೊಳಗೆ ರಿಪೇರಿಯವನು ನೋಡಿ ಸರಿ ಎಂದು ಬರೆದುಕೊಟ್ಟರೆ, ಅವನು ಹೇಳಿದ ತೋಟಾದಲ್ಲಿ ಮಾತ್ರ ಹೊಡೆಯಿರಿ. ಇಲ್ಲ ಎಂದರೆ ನಳಿಗೆಗೆ ತೋಕ್ ಪೂ (ಹಬ್ಬದಂದು ಕೋವಿಗೆ ಸಿಕ್ಕಿಸುವ ಹೂ) ಸಿಕ್ಕಿಸಿ ಪೂಜೆಗಿಡಿ, ತೆಂಗಿನಕಾಯಿಗೆ ಬೇರೆ ಕೋವಿ ಹಿಡಿಯಿರಿ. ಒಮ್ಮೆ ಶುಚಿ ಮಾಡಿದ ಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ, ನಮ್ಮ ಮಳೆಗಾಲದಲ್ಲಿ ಚರ್ಮ ನೀರು ಹೀರಿ ನಳಿಗೆಗೇ ಕೊಡುತ್ತದೆ. ಬೀಗವಿರುವ ಒಣ ಕಪಾಟಿನಲ್ಲಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿ. ಬೆರಳು ತಾಗಿದ ಜಾಗದಲ್ಲೇ ಮೊದಲು ತುಕ್ಕು ಏಳುವುದು.