ಆದಿ ಮಧ್ಯಯುಗ

ಭಾರತದ ಇತಿಹಾಸ ಬರವಣಿಗೆಯಲ್ಲಿ ಸುಮಾರು ಕ್ರಿ.ಶ. 600ರಿಂದ 1200ರವರೆಗಿನ ಅವಧಿಯನ್ನು ‘ಆದಿ ಮಧ್ಯಯುಗ’ ಎಂದು ಕರೆಯುವುದು ಈಗ ರೂಢಿಯಾಗಿದೆ. ‘ಪೂರ್ವ ಮಧ್ಯಯುಗ’ ಎಂದು ಬರೆಯುವವರೂ ಇದ್ದಾರೆ. ಆದರೆ ‘ಕ್ರಿಸ್ತಪೂರ್ವ’ ಎಂಬ ಮಾತಿಗೆ ಒಗ್ಗಿದ ಓದುಗರು ಅದನ್ನು ಮಧ್ಯಯುಗಕ್ಕಿಂತ ಹಿಂದಿನ ಕಾಲವೆಂದು ತಿಳಿಯಬಹುದಾದ್ದರಿಂದ ‘ಆದಿ’ ಎಂಬುದೇ ಮೇಲು. ಮಧ್ಯಯುಗದ ಮೊದಲ ಭಾಗ ಎಂಬುದಷ್ಟೇ ಇದರ ಅರ್ಥ.

ಮಧ್ಯಯುಗವೆಂಬ ಕಲ್ಪನೆ ಹುಟ್ಟಿದ್ದು ಯುರೋಪಿನಲ್ಲಿ. ಅಲ್ಲಿ ಅದು 476ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯ ಕುಸಿದಂದಿನಿಂದ 15ನೆಯ ಶತಮಾನದವರೆಗಿನ ಕಾಲ. ಭಾರತದ ಚರಿತ್ರೆಯನ್ನು 1817ರಲ್ಲಿ ಪ್ರಕಟಿಸಿದ ಜೇಮ್ಸ್ ಮಿಲ್ ಅದನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಆಳಿದವರ ಲೆಕ್ಕದಲ್ಲಿ ವಿಂಗಡಿಸಿದನು. ಮುಂದೆ ಈ ಭಾಗಗಳಿಗೆ ಪ್ರಾಚೀನ, ಮಧ್ಯ, ಆಧುನಿಕ ಎಂಬ ಹೆಸರುಗಳು ಬಂದರೂ ಗಡಿರೇಖೆಗಳು ಬಹುಮಟ್ಟಿಗೆ ಇದ್ದಲ್ಲಿಯೇ ಉಳಿದವು. ದೆಹಲಿ ಸುಲ್ತಾನರ ಆಳ್ವಿಕೆ ಆರಂಭವಾದ 1206ನೆಯ ಇಸವಿ ಇಡೀ ದೇಶದ ಮಧ್ಯಯುಗದ ಹೊಸ್ತಿಲಾಯಿತು. ಆ ವರ್ಷ ಹೊಯ್ಸಳರ ರಾಜಧಾನಿ ದೋರಸಮುದ್ರದಲ್ಲಿ ಎರಡನೆಯ ವೀರಬಲ್ಲಾಳನು ಆಳುತ್ತಿದ್ದನು; ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ಸೈನ್ಯ ಅಲ್ಲಿಗೆ ಬಂದದ್ದು 1311ರಲ್ಲಿ. ಹೊಯ್ಸಳ ನಾಡಿನ ಮಟ್ಟಿಗೆ 1206ರಲ್ಲಿ ಯಾವ ಯುಗವೂ ಬದಲಾಗಲಿಲ್ಲ.

ಅರಸರ ಮತವನ್ನು ಬಿಟ್ಟು ಸಮಾಜದ ರಚನೆಯನ್ನು ಅಳತೆಗೋಲಾಗಿ ಹಿಡಿದಾಗ ‘ಆದಿ ಮಧ್ಯಯುಗ’ ಎಂಬ ಹೆಸರಿಗೆ ನಿಜವಾದ ಅರ್ಥ ಬಂದಿತು. ‘ಸಾಮಂತ’ ಎಂಬ ಒಂದೇ ಪದ ಈ ಬದಲಾವಣೆಯನ್ನು ತೋರಿಸಬಲ್ಲದು. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಅದಕ್ಕೆ ನೆರೆಯ ರಾಜನೆಂಬ ಅರ್ಥವಿದ್ದರೆ, ಆರನೆಯ ಶತಮಾನದ ಹೊತ್ತಿಗೆ ದೊಡ್ಡ ಅರಸನಿಗೆ ಅಧೀನನಾದ ನಾಯಕನೆಂಬ ಅರ್ಥ ನೆಲೆಗೊಂಡಿತ್ತು. ಇತಿಹಾಸಕಾರ ಆರ್.ಎಸ್. ಶರ್ಮ ಅವರು ಭೂದಾನಗಳ ಹೆಚ್ಚಳ, ನಾಣ್ಯಗಳ ಕೊರತೆ, ನಗರಗಳ ಅವನತಿ ಇವುಗಳನ್ನು ಒಟ್ಟಿಗೆ ಇಟ್ಟು ಇದನ್ನು ಊಳಿಗಮಾನ್ಯ ವ್ಯವಸ್ಥೆಯ ಕಾಲವೆಂದು ವಾದಿಸಿದರು. ಇನ್ನೊಬ್ಬ ಇತಿಹಾಸಕಾರ ಬಿ.ಡಿ. ಚಟ್ಟೋಪಾಧ್ಯಾಯ ಅವರಿಗೆ ಕಂಡದ್ದು ಅವನತಿಯಲ್ಲ, ಪ್ರಾದೇಶಿಕ ರಾಜ್ಯಗಳ ಕಟ್ಟೋಣ. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಎರಡನೆಯ ವಾದವೇ ಹೆಚ್ಚು ಒಪ್ಪಿಗೆಯಾಗುತ್ತದೆ: ಚಾಲುಕ್ಯರ ಸಾಮಂತರಾಗಿದ್ದ ರಾಷ್ಟ್ರಕೂಟರು ಎಂಟನೆಯ ಶತಮಾನದ ನಡುವೆ ತಾವೇ ಸಾಮ್ರಾಜ್ಯ ಕಟ್ಟಿದರು, ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿತು.

ಯುಗದ ಗಡಿ ಹೀಗೆ ವಾದಕ್ಕೆ ತಕ್ಕಂತೆ ಸರಿಯುತ್ತದೆ. ಇಸವಿಯನ್ನು ಗೊತ್ತುಮಾಡುವುದು ಬೇರೆಯದೇ ಕೆಲಸ. ಅಯ್ಯಾವೊಳೆಯೆಂದರೆ ಇಂದಿನ ಐಹೊಳೆ. ಅಲ್ಲಿನ ಮೇಗುಟಿ ಬಸದಿಯ ಗೋಡೆಯ ಮೇಲಿರುವ ಶಾಸನದಲ್ಲಿ ಕವಿ ರವಿಕೀರ್ತಿಯು ಎರಡು ಲೆಕ್ಕಗಳನ್ನು ಕೊಟ್ಟಿದ್ದಾನೆ: ಭಾರತ ಯುದ್ಧದಿಂದ 3735 ವರ್ಷಗಳು, ಶಕರಾಜರ ಕಾಲದಿಂದ 556 ವರ್ಷಗಳು ಕಳೆದಿವೆ. ಇಲ್ಲಿ ‘ಕಳೆದಿವೆ’ ಎಂಬ ಮಾತೇ ಮುಖ್ಯ. ಶಾಸನಗಳಲ್ಲಿ ಶಕವರ್ಷವು ‘ಗತ’, ಅಂದರೆ ಮುಗಿದ ವರ್ಷವಾಗಿಯೂ ಬರುತ್ತದೆ, ನಡೆಯುತ್ತಿರುವ ವರ್ಷವಾಗಿಯೂ ಬರುತ್ತದೆ. ಯಾವುದೆಂದು ನೋಡದೆ ಕೂಡಿದರೆ ಒಂದು ವರ್ಷ ತಪ್ಪುತ್ತದೆ. ಶಕವರ್ಷದ ಎಣಿಕೆ ಕ್ರಿ.ಶ. 78ರಿಂದ ಆರಂಭವಾಗುವುದರಿಂದ, ಮುಗಿದ 556ಕ್ಕೆ 78 ಸೇರಿಸಿದರೆ 634 ಬರುತ್ತದೆ. ಶಕವರ್ಷವು ಚೈತ್ರದಲ್ಲಿ ಆರಂಭವಾಗಿ ಮುಂದಿನ ಇಸವಿಯ ಮೊದಲ ತಿಂಗಳುಗಳವರೆಗೆ ಚಾಚಿಕೊಳ್ಳುವುದರಿಂದಲೂ, ರವಿಕೀರ್ತಿಯು ತಿಂಗಳನ್ನಾಗಲಿ ತಿಥಿಯನ್ನಾಗಲಿ ಹೇಳದಿರುವುದರಿಂದಲೂ, ಈ ಶಾಸನದ ಕಾಲವನ್ನು 634-35 ಎಂದು ಜೋಡಿ ಇಸವಿಯಲ್ಲಿ ಬರೆಯಲಾಗುತ್ತದೆ.