ರೆಫರಲ್: ಕಳಿಸುವುದು ಮತ್ತು ಕಳಿಸಿಕೊಡುವುದು

ಮಂಡ್ಯ ಕಡೆ ಹಳ್ಳಿಗಳಲ್ಲಿ ‘ರೆಫರಲ್’ ಅನ್ನುವವರು ಕಡಿಮೆ. ‘ಮೈಸೂರಿಗೆ ಬರ್ಕೊಟ್ರು’ ಅನ್ನುತ್ತಾರೆ. ಇಲ್ಲವೇ ‘ದೊಡ್ಡಾಸ್ಪತ್ರೆಗೆ ಬರ್ಕೊಟ್ರು’. ಆ ಮಾತು ಕೇಳಿದರೆ ಮನೆಯವರ ಎದೆ ಧಸಕ್ ಅನ್ನುತ್ತದೆ. ಇಲ್ಲಿನವರು ಕೈಬಿಟ್ಟರು ಅಂತಲೇ ತಿಳಿಯುತ್ತಾರೆ.

ಆದರೆ ಆ ಪದಕ್ಕೆ ಆ ಅರ್ಥವಿಲ್ಲ. ಮುಂದೆ ಕೂತವರಿಗೆ ಬೇಕಾದ ನೆರವು ಬೇರೆ ಕಡೆ ಇದೆ ಅಂತ ವೈದ್ಯರಿಗೋ, ಆಶಾ ಕಾರ್ಯಕರ್ತೆಗೋ, ಶಾಲೆಯ ಮೇಷ್ಟ್ರಿಗೋ ಗೊತ್ತಾದಾಗ, ಅವರನ್ನು ಅಲ್ಲಿಗೆ ತಲುಪಿಸುವುದೇ ರೆಫರಲ್.

ಕಚೇರಿ ಕನ್ನಡದಲ್ಲಿ ಇದನ್ನು ‘ಶಿಫಾರಸು’ ಅಂತ ಬರೆಯುವುದುಂಟು. ನನಗೆ ಅದು ಒಪ್ಪುವುದಿಲ್ಲ. ಶಿಫಾರಸು ಪತ್ರ ಅಂದರೆ ನಮ್ಮ ಜನಕ್ಕೆ ನೆನಪಾಗುವುದು ಎಂಎಲ್ಎ ಕೊಡುವ ಪತ್ರ. ಯಾರದಾದರೂ ಕೃಪೆ ಇದ್ದರೆ ಮಾತ್ರ ಒಳಗೆ ಬಿಡುತ್ತಾರೇನೋ ಅನ್ನಿಸುತ್ತದೆ. ಮನೆಮಾತಿನಲ್ಲೇ ಇದಕ್ಕಿಂತ ಒಳ್ಳೆ ಪದ ಇದೆ: ಕಳಿಸಿಕೊಡುವುದು. ಕಳಿಸುವುದೇ ಬೇರೆ, ಕಳಿಸಿಕೊಡುವುದೇ ಬೇರೆ. ನೆಂಟರನ್ನು ಕಳಿಸಿಕೊಡುವಾಗ ಬಸ್‌ಸ್ಟಾಂಡಿನವರೆಗೂ ಹೋಗುತ್ತೇವೆ. ಸೀಟು ಸಿಕ್ಕಿತಾ ಅಂತ ಇಣುಕುತ್ತೇವೆ. ‘ಊರು ಮುಟ್ಟಿದ ತಕ್ಷಣ ಫೋನ್ ಮಾಡಿ’ ಅನ್ನುತ್ತೇವೆ, ಅಲ್ವಾ?

ನನ್ನ ಚಿಕ್ಕಮ್ಮನನ್ನು ಸುಮ್ನೆ ಕಳಿಸಿಬಿಟ್ಟರು. ಪಾಂಡವಪುರ ತಾಲೂಕಿನ ಒಂದು ಹಳ್ಳಿ ಅವರದು. ಮಗ ತೀರಿಕೊಂಡ ಮೇಲೆ ನಿದ್ದೆ ಹೋಯಿತು, ಊಟ ಸೇರಲಿಲ್ಲ. ಹಾಲು ಕರೆದು ಡೈರಿಗೆ ಹಾಕುವುದನ್ನೂ ಬಿಟ್ಟರು. ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಟ್ಟರು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು ಅದನ್ನು. ಬಿಡಿಸಿ ನೋಡಿದರೆ, ಮೇಲಿನ ಆಸ್ಪತ್ರೆಗೆ ರೆಫರ್ ಮಾಡಿದೆ ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು. ಯಾವ ಆಸ್ಪತ್ರೆ, ಎಷ್ಟನೇ ರೂಮು, ಯಾವ ವಾರ, ಯಾರನ್ನು ಕೇಳಬೇಕು? ಏನೂ ಇಲ್ಲ. ‘ಎಲ್ಲಿಗೆ ಹೋಗ್ಬೇಕು ಅಂತ ಯಾರೂ ಯೋಳ್ನಿಲ್ಲ ಕಣಪ್ಪ’ ಅಂದರು. ಎಂಟು ತಿಂಗಳು ಆ ಚೀಟಿ ಕವರಿನಲ್ಲೇ ಇತ್ತು.

ಮಾನಸಿಕ ಕಾಯಿಲೆಯಲ್ಲಿ ಇದು ಜಾಸ್ತಿ ಆಗುತ್ತದೆ. ಕಾಲು ಮುರಿದವರು ದಾರಿ ಕೇಳಿಕೊಂಡಾದರೂ ಹೋಗುತ್ತಾರೆ. ಮನಸ್ಸು ಕುಗ್ಗಿದವರಿಗೆ ಕೇಳುವ ಶಕ್ತಿಯೇ ಇರುವುದಿಲ್ಲ. ಜೊತೆಗೆ ಯಾರಾದರೂ ನೋಡಿಬಿಟ್ಟರೆ ಅನ್ನುವ ಅಳುಕು ಬೇರೆ. ದಾರಿಯಲ್ಲಿ ಒಂದು ಮೆಟ್ಟಿಲು ಜಾಸ್ತಿಯಾದರೂ ಅಲ್ಲೇ ನಿಂತುಬಿಡುತ್ತಾರೆ. ರೆಫರಲ್ ಸರಳ ಮಾಡುವುದು ಅಂದರೆ ಆ ಮೆಟ್ಟಿಲುಗಳನ್ನು ಕಡಿಮೆ ಮಾಡುವುದು.

‘ಸಮುದಾಯ ಮಾನಸಿಕ ಆರೋಗ್ಯ ಸೇವೆ’ ಅಂದರೆ ಊರಿನ ಹತ್ತಿರವೇ ಸಿಗುವ ಚಿಕಿತ್ಸೆ. ಇದರ ಒಂದು ಬೇರು ನಮ್ಮ ರಾಜ್ಯದಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ನೋಡಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮನೋವೈದ್ಯರೇ ಮಂಗಳವಾರ ತಾಲೂಕು ಆಸ್ಪತ್ರೆಗೆ ಬರಲಿ ಅಂತ ಕರ್ನಾಟಕ ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮ ತಂದಿತು. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ಮೊದಲ ಸಲಕ್ಕೇ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ.

ಚೀಟಿ ಇಲ್ಲದೆ ಹೋದರೆ ನೋಡುತ್ತಾರಾ ಅಂತ ತುಂಬಾ ಜನ ಕೇಳುತ್ತಾರೆ. ಚಿಕಿತ್ಸೆಯ ಖರ್ಚಿಗೆ ಸರ್ಕಾರ ನೆರವಾಗುವ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಲು, ತುರ್ತು ಸಂದರ್ಭ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆ ನಿಯಮ ಎಲ್ಲದಕ್ಕೂ ಅಂದುಕೊಂಡುಬಿಟ್ಟಿದ್ದಾರೆ. ಸರ್ಕಾರಿ ಆಸ್ಪತ್ರೆಯ ಒಪಿಡಿಗೆ ನೇರವಾಗಿ ಹೋಗಿ ಹೆಸರು ಬರೆಸಬಹುದು. ಸಾಯುವ ಮಾತಾಡುತ್ತಿದ್ದರಂತೂ ಯಾವ ಚೀಟಿಗೂ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಎಲ್ಲರ ಹಕ್ಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ನಿಮ್ಮ ಕಾಯಿಲೆಯ ವಿಷಯ ಗುಟ್ಟಾಗಿ ಇಡಬೇಕು ಅಂತಲೂ ಅದರಲ್ಲಿದೆ.

ಮನೆಯಿಂದಲೇ ಶುರು ಮಾಡಲು 14416 ಅನ್ನುವ ಸರ್ಕಾರಿ ಸಹಾಯವಾಣಿ ಇದೆ. ಟೆಲಿ ಮಾನಸ್ ಅಂತ ಹೆಸರು. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಫೋನಿನಲ್ಲಿ ಆಗದಿದ್ದರೆ ಹತ್ತಿರದ ಸೇವೆಗೆ ಜೋಡಿಸಿಕೊಡುವುದೂ ಅವರ ಕೆಲಸ.

ಇನ್ನೊಂದು ಅರ್ಧ ಇದೆ, ಅದನ್ನು ಮರೆಯುವವರೇ ಜಾಸ್ತಿ: ವಾಪಸ್ ಕಳಿಸಿಕೊಡುವುದು. ಕಾಯಿಲೆ ಹತೋಟಿಗೆ ಬಂದ ಮೇಲೆ, ಯಾವ ಮಾತ್ರೆ, ಎಷ್ಟು ದಿನ ಅಂತ ಬರೆದು ಊರಿನ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಬೇಕು. ಇಲ್ಲದಿದ್ದರೆ ತಿಂಗಳು ತಿಂಗಳು ಒಂದು ದಿನದ ಕೂಲಿ ಹೋಗುತ್ತದೆ. ಮೂರನೇ ತಿಂಗಳಿಗೆ ಮಾತ್ರೆಯೇ ನಿಲ್ಲುತ್ತದೆ.

ಚಿಕ್ಕಮ್ಮನನ್ನು ಕೊನೆಗೆ ತಲುಪಿಸಿದ್ದು ಅದೇ ಊರಿನ ಆಶಾ ಕಾರ್ಯಕರ್ತೆ. ಸೋಮವಾರ ರಾತ್ರಿ ಮನೆಗೆ ಬಂದು, ‘ಅತ್ತೆ, ನಾಳೆ ಒಂಬತ್ತರ ಬಸ್ಸಿಗೆ ನಾನೂ ಬತ್ತೀನಿ, ರೆಡಿಯಾಗಿರಿ’ ಅಂದರು. ಚೀಟಿ ಕೇಳಲೇ ಇಲ್ಲ. ಈಗ ಮಾತ್ರೆ ಪಕ್ಕದೂರಿನ ಕೇಂದ್ರದಲ್ಲೇ ಸಿಗುತ್ತದೆ. ಚಿಕ್ಕಮ್ಮ ಮಧ್ಯಾಹ್ನ ಹೋಗಿ, ಹಾಲು ಕರೆಯುವ ಹೊತ್ತಿಗೆ ಮನೆಗೆ ಬರುತ್ತಾರೆ.